ತಾರಿ ದಾಟುವ ದಿನ

ರಜೆಯಲ್ಲಿ ಮನೆಮಂದಿಯೆಲ್ಲ ಊರು ಬಿಟ್ಟು ಹೊರಡುವುದೆಂದರೆ ಹಿಂದಿನ ರಾತ್ರಿ ನಮಗೆ ನಿದ್ದೆಯಿಲ್ಲ, ಅಲ್ಲವೇ? ಹಾಲಿನವನಿಗೆ ಹೇಳಿಯಾಯಿತೇ, ಗ್ಯಾಸ್ ಬಂದ್ ಮಾಡಿಯಾಯಿತೇ, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಒಪ್ಪಿಸಿಯಾಯಿತೇ, ಅತ್ತೆಯವರ ಬಿ.ಪಿ. ಮಾತ್ರೆ ಚೀಲ ಸೇರಿತೇ ಎಂದು ಒಂದೊಂದನ್ನೇ ಬೆರಳು ಮಡಿಚಿ ಎಣಿಸುತ್ತೇವೆ. ಮನೆಯಲ್ಲಿ ಹದಿನಾಲ್ಕು ಹದಿನೈದು ವರ್ಷದ ಮಗಳೋ ಮಗನೋ ಇದ್ದರೆ ಅವರು ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾರೆ, ಸ್ವಲ್ಪ ಯೋಚಿಸಿ ನೋಡಿ. ಚೀಲಗಳ ಜೊತೆಗೆ ಬರುತ್ತಾರೆ! "ಏಳು, ಹೊರಡು, ಅಲ್ಲಿ ಕೂತ್ಕೋ, ಇದನ್ನು ಹಿಡ್ಕೋ, ಇಳಿ" ಎನ್ನುತ್ತೇವೆಯೇ ಹೊರತು ಅದಕ್ಕಿಂತ ಹೆಚ್ಚಿನ ಮಾತು ಆ ದಿನ ಅವರೊಂದಿಗೆ ಆಡುವುದಿಲ್ಲ.

ಆಮೇಲೆ ಮುಖ ಗಂಟು ಹಾಕಿಕೊಂಡಿದ್ದಾಳೆ, ಮೊಬೈಲಿನಿಂದ ಕಣ್ಣು ತೆಗೆಯುವುದಿಲ್ಲ, ಕಿವಿಗೆ ಅದೇನೋ ಸಿಕ್ಕಿಸಿಕೊಂಡು ಕೂತಿದ್ದಾನೆ ಎಂದು ದೂರುತ್ತೇವೆ. "ಇಷ್ಟು ಖರ್ಚು ಮಾಡಿ ಕರ್ಕೊಂಡು ಬಂದ್ರೆ ಹೀಗಾ?" ಎಂದು ಅಪ್ಪ ಗದರುತ್ತಾರೆ. ಪುಟ್ಟ ಮಗುವಾದರೆ ಎತ್ತಿಕೊಂಡು ಸಮಾಧಾನ ಮಾಡಬಹುದು. ದೊಡ್ಡವರಾದರೆ ಎಲ್ಲಿ ಹೋಗೋಣ, ಏನು ತಿನ್ನೋಣ ಎಂದು ಕೇಳುತ್ತೇವೆ. ಇವರು ಎರಡಕ್ಕೂ ಇಲ್ಲ. ಇದು ಬಸ್ಸಿನ ದಾರಿಯಾದರೆ ಒಂದು ದಿನದ ಮುನಿಸು, ಅಷ್ಟಕ್ಕೇ ಮುಗಿಯಿತು. ನೀರಿನ ಮೇಲಿನ ದಾರಿಯಾದರೆ ಹಾಗಲ್ಲ. ಅಲ್ಲಿ ಆ ಮಕ್ಕಳ ಕಣ್ಣು ಕಿವಿ ನಮಗೆ ಬೇಕಾಗುತ್ತದೆ. ಈ ಸಲ ಅದೇ ವಿಷಯ ಬರೆಯಬೇಕೆಂದು ಕೂತಿದ್ದೇನೆ.

ನನ್ನ ತಂಗಿಯ ಮನೆ ಹಾವೇರಿಯಲ್ಲಿ. ಅವಳ ಅತ್ತೆಯವರ ತವರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯ ಕಡೆ. 2023ರ ಮೇ ತಿಂಗಳ ರಜೆಯಲ್ಲಿ ಅವರೆಲ್ಲ ಗೋಕರ್ಣಕ್ಕೆ ಹೊರಟಾಗ ನನ್ನನ್ನೂ ಕರೆದರು. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ, ಅಲ್ಲಿಂದ ಅಜ್ಜಿಯ ತವರು, ಆಮೇಲೆ ಇಡಗುಂಜಿ ಗಣಪತಿ ಎಂದು ಏರ್ಪಾಡು. ಗೋಕರ್ಣದಿಂದ ಕುಮಟಾಕ್ಕೆ ಮಿರ್ಜಾನದ ಮೇಲೆ ಹೆದ್ದಾರಿಯಲ್ಲಿ ಸುಖವಾಗಿ ಹೋಗಬಹುದು. ಆದರೆ ಅಜ್ಜಿಯದು ಒಂದೇ ಹಟ: "ಮದುವೆಯಾಗಿ ಬರುವಾಗ ತದಡಿ ತಾರಿ ದಾಟಿ ಬಂದವಳು. ಒಂದು ಸಲ ಅದರಲ್ಲೇ ತಿರುಗಿ ಹೋಗ್ಬೇಕು." ಎಪ್ಪತ್ತೆಂಟು ವರ್ಷದವರ ಮಾತಿಗೆ ಯಾರು ಎದುರಾಡುತ್ತಾರೆ? ಕಡಲ ಸೀಮೆಯಲ್ಲಿ ಹೊಳೆ ದಾಟಿಸುವ ದೋಣಿಗೆ ತಾರಿ ಎನ್ನುತ್ತಾರೆ. ಹೊಳೆಗೊಂದು ಸೇತುವೆ ಬರುವ ಮೊದಲು ಉತ್ತರ ಕನ್ನಡದಲ್ಲಿ ತಾರಿ ದಾಟದೆ ಮದುವೆಯೂ ಇಲ್ಲ, ಬಾಣಂತನವೂ ಇಲ್ಲ.

ಮಗಳಿಗೆ ಆಗ ಹದಿನೈದು. ಒಂಬತ್ತನೇ ತರಗತಿ ಮುಗಿಸಿ ಎಸ್ಸೆಸ್ಸೆಲ್ಸಿಗೆ ಕಾಲಿಟ್ಟವಳು. ಅವಳ ತಮ್ಮನಿಗೆ ಒಂಬತ್ತು ವರ್ಷ.

ಹೊರಡುವುದಕ್ಕೆ ಹತ್ತು ದಿನ ಮೊದಲು ತಂಗಿ ಫೋನ್ ಮಾಡಿ ದನಿ ತಗ್ಗಿಸಿ ಕೇಳಿದಳು: "ಅಕ್ಕಾ, ಇವಳ ತಾರೀಖು ಸರಿಯಾಗಿ ಆ ವಾರವೇ ಬರ್ತದೆ. ದೇವಸ್ಥಾನಕ್ಕೆ ಹೋಗೋದು. ಮುಂದೂಡೋ ಮಾತ್ರೆ ಕೊಟ್ಟುಬಿಡ್ಲಾ? ಔಷಧಿ ಅಂಗಡೀಲಿ ಸಿಗ್ತದಂತೆ." ಹೀಗೆ ಕೇಳುವ ತಾಯಂದಿರು ಎಷ್ಟು ಮಂದಿ! ಇದನ್ನು ಓದುತ್ತಿರುವ ನೀವೂ ಕೇಳಿರಬಹುದು. ಅಂಗಡಿಯವನು ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬೆಳೆಯುವ ಹುಡುಗಿಗೆ ನುಂಗಿಸಬೇಡಿ. ಅದು ಹಾರ್ಮೋನಿನ ಮಾತ್ರೆ. ರಕ್ತ ಹೆಪ್ಪುಗಟ್ಟುವ ತೊಂದರೆ, ಪಿತ್ತಕೋಶದ ತೊಂದರೆ, ಬಲವಾದ ಅರೆತಲೆನೋವು ಇರುವವರಿಗೆ ಅದು ಆಗಿಬರುವುದಿಲ್ಲ. ಮನೆಯಲ್ಲಿ ಯಾರಿಗೆ ಏನಿದೆ ಎಂದು ಅಂಗಡಿಯವನಿಗೆ ಹೇಗೆ ಗೊತ್ತು? ನಾನು ತಂಗಿಗೆ ಹೇಳಿದ್ದು ಇನ್ನೂ ಒಂದು ಮಾತು: "ಡಾಕ್ಟರ ಹತ್ತಿರ ಹೋಗುವ ಮೊದಲು ಅವಳನ್ನೇ ಒಂದು ಮಾತು ಕೇಳಿದೆಯಾ?" ಕೇಳಿರಲಿಲ್ಲ. ಕೇಳಿದಾಗ ಹುಡುಗಿ, "ಮಾತ್ರೆ ಬೇಡಮ್ಮ. ಹಾಗೇನಾದ್ರೂ ಆದ್ರೆ ನಾನು ಹೊರಗೆ ಕೂತು ಚಪ್ಪಲಿ ಕಾಯ್ತೇನೆ" ಅಂದಳಂತೆ. ಅಲ್ಲಿಗೆ ಮಾತು ಮುಗಿಯಿತು. ಚೀಲದಲ್ಲಿ ಒಂದು ಕಟ್ಟು ಪ್ಯಾಡು, ಒಂದು ಕಪ್ಪು ಚೂಡಿದಾರ, ಹಳೆಯ ಪೇಪರು, ಮುಚ್ಚಿ ಒಯ್ಯಲು ಎರಡು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡರು. ದೋಣಿ ಹತ್ತುವ ದಿನ ಇವನ್ನು ಮೇಲೆಯೇ ಇಟ್ಟುಕೊಳ್ಳಿ. ಹೊಳೆಯ ಧಕ್ಕೆಯಲ್ಲಿ ಹೆಂಗಸರಿಗೆ ಬೇಕಾದ ಜಾಗ ಸಿಗುತ್ತದೆಂದು ನಂಬಿ ಹೊರಡಬೇಡಿ. ಬಸ್ ನಿಲ್ದಾಣದಲ್ಲೋ ಉಳಿದುಕೊಂಡ ಮನೆಯಲ್ಲೋ ಎಲ್ಲರೂ ಮುಗಿಸಿಕೊಂಡೇ ಹೊರಡುವುದು ಒಳ್ಳೆಯದು.

ತಾರಿ ದಾಟುವ ದಿನ ಬೆಳಿಗ್ಗೆ ಹುಡುಗಿಯ ಮುಖ ಎಂದಿನಂತೆ ಊದಿಕೊಂಡಿತ್ತು. ನಾನು ಅವಳಪ್ಪನಿಗೆ ಹೇಳಿದೆ, "ಇವತ್ತಿನ ಖರ್ಚಿನ ಪರ್ಸು ಇವಳ ಕೈಗೆ ಕೊಡಿ. ಬಸ್ಸಿನ ಟಿಕೇಟು, ದೋಣಿ ಟಿಕೇಟು, ಯಾರು ಹತ್ತಿದರು ಯಾರು ಉಳಿದರು, ಎಲ್ಲ ಇವಳದೇ." ಅವರಿಗೆ ಅಷ್ಟು ಇಷ್ಟವಿರಲಿಲ್ಲ. ಆದರೂ ಹೆಂಡತಿಯ ಅಕ್ಕನ ಮಾತು, ಕೊಟ್ಟರು. ಆಗಿನ್ನೂ ನಮ್ಮ ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿರಲಿಲ್ಲ. ಶಕ್ತಿ ಯೋಜನೆ ಶುರುವಾದದ್ದು ಅದರ ಮುಂದಿನ ತಿಂಗಳು, ಜೂನ್ 11ಕ್ಕೆ. ಹಾಗಾಗಿ ಆರು ಜನರ ಟಿಕೇಟಿನ ಲೆಕ್ಕ, ಚಿಲ್ಲರೆ ಲೆಕ್ಕ ಎಲ್ಲ ಇತ್ತು. ಕಂಡಕ್ಟರು ಎರಡು ರೂಪಾಯಿ ಆಮೇಲೆ ಕೊಡ್ತೇನೆ ಅಂದದ್ದನ್ನು ಅವಳು ಇಳಿಯುವಾಗ ಮರೆಯದೆ ಕೇಳಿ ತೆಗೆದುಕೊಂಡಳು ನೋಡಿ, ಅಲ್ಲಿಂದ ಮುಖದ ಗಂಟು ಸಡಿಲವಾಯಿತು.

ಗೋಕರ್ಣದಿಂದ ತದಡಿಗೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಆಗರ ಸಿಗುತ್ತದೆ. ಮೇ ತಿಂಗಳಾದ್ದರಿಂದ ಮಡಿಗಳ ಬದುವಿನ ಮೇಲೆ ಉಪ್ಪಿನ ರಾಶಿ ಬಿಸಿಲಿಗೆ ಕಣ್ಣು ಕುಕ್ಕುವಂತಿತ್ತು. ನಾವು ದಿನಾ ಸಾರಿಗೆ ಚಿಟಿಕೆ ಹಾಕುವ ಉಪ್ಪು ಹೀಗೆ ಗದ್ದೆಯಲ್ಲಿ ಬೆಳೆಯುತ್ತದೆ ಎಂದು ಪಟ್ಟಣದ ಮಕ್ಕಳಿಗೆ ತೋರಿಸಬೇಕು. ತದಡಿ ಬಂದರಿನಲ್ಲಿ ಮೀನಿನ ದೋಣಿಗಳ ಸಾಲು. ತಮ್ಮ ಮೂಗು ಹಿಡಿದುಕೊಂಡ. ಅಜ್ಜಿ ಮಾತ್ರ ದೀರ್ಘವಾಗಿ ಉಸಿರು ಎಳೆದುಕೊಂಡು, "ಹೂಂ, ಊರು ಬಂತು" ಅಂದರು. ಮೀನು ಮುಟ್ಟದ ಮನೆಯ ಹೆಂಗಸು ಅವರು!

ನಾವು ಹೋದಾಗ ನೀರು ಇಳಿದಿತ್ತು. ಸಮುದ್ರ ಸೇರುವ ಹೊಳೆಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇವತ್ತು ಬಂದ ಹೊತ್ತಿಗಿಂತ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಏರಿಳಿತ ಜೋರು. ಗೃಹಿಣಿಗೆ ಇದರಿಂದ ಏನಾಗಬೇಕು ಅನ್ನಬೇಡಿ. ಇಳಿತದ ಹೊತ್ತಿನಲ್ಲಿ ಧಕ್ಕೆಯ ಕೆಳಗಿನ ಮೆಟ್ಟಿಲುಗಳು ಹೊರಗೆ ಬಿದ್ದಿರುತ್ತವೆ. ಅವುಗಳ ಮೇಲೆ ಪಾಚಿ ಇರುತ್ತದೆ, ದೋಣಿಯೂ ಕೆಳಗಿರುತ್ತದೆ. ವಯಸ್ಸಾದವರು ಜಾರುವುದು ಅಲ್ಲೇ. ಅವರ ಅಂಗೈ ಹಿಡಿಯಬೇಡಿ, ಬೆವರಿಗೆ ಜಾರುತ್ತದೆ. ಮಣಿಕಟ್ಟನ್ನು ನೀವು ಹಿಡಿಯಿರಿ, ನಿಮ್ಮ ಮಣಿಕಟ್ಟನ್ನು ಅವರು ಹಿಡಿಯಲಿ. ಅಂಬಿಗ ಹಾಗೆಯೇ ಅಜ್ಜಿಯನ್ನು ಇಳಿಸಿಕೊಂಡ. "ಎಷ್ಟು ಜನ?" ಎಂದು ಅವನು ಕೇಳಿದ್ದು ಅವಳಪ್ಪನನ್ನು. ಉತ್ತರ ಕೊಟ್ಟದ್ದು ಮಗಳು: "ಆರು. ಆರೂ ಹತ್ತಿದ್ದೇವೆ."

ಹೊಳೆ ದಾಟುವುದಕ್ಕೆ ಕಾಲು ಗಂಟೆಯ ಆಚೀಚೆ. ಅಷ್ಟರಲ್ಲಿ ಅವಳು ಅಂಬಿಗನನ್ನು ಕೇಳಿದ ಪ್ರಶ್ನೆಗಳು ಒಂದೆರಡಲ್ಲ. ನೀರು ತಿರುಗುವುದು ಎಷ್ಟು ಹೊತ್ತಿಗೆ, ಮಳೆಗಾಲದಲ್ಲಿ ಏನು ಮಾಡ್ತೀರಿ, ಬೈಕು ನಿಲ್ಲಿಸಿದ ಕಡೆಗೇ ದೋಣಿ ವಾಲುವುದಿಲ್ಲವೇ? ಅವನೂ ಬೇಸರಪಡದೆ ಹೇಳಿದ, ಬೈಕು ನಡುವೆ ನಿಲ್ಲಿಸಿದ್ದೇವೆ ನೋಡು, ಜನ ಎರಡೂ ಬದಿಗೆ ಕೂತಿದ್ದಾರೆ ನೋಡು ಎಂದು. ದೂರದಲ್ಲಿ ಇಳಿದ ನೀರಿನ ದಿಬ್ಬದ ಮೇಲೆ ಹೆಂಗಸರು ಸೊಂಟ ಬಗ್ಗಿಸಿ ಬುಟ್ಟಿಗೆ ಏನೋ ಆಯ್ದು ತುಂಬುತ್ತಿದ್ದರು. ಬಳಚು ಅಂದರು ಅಜ್ಜಿ. ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವ. ಈ ಅಳಿವೆಯ ಊರುಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಬುಟ್ಟಿಯಿಂದ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ ಇಲ್ಲಿ ಕಡಲು ಸೇರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು ಉಪ್ಪುನೀರು ಬೆರೆಯುವ ಈ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿಸಿದ್ದಾರೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೆಂಪಕ್ಕಿ. ಅದರ ಗಂಜಿಯ ರುಚಿ ಅಜ್ಜಿಯ ತವರಿನಲ್ಲಿ ಅವತ್ತು ಸಂಜೆ ಸಿಕ್ಕಿತು.

ಅಜ್ಜಿ ದೋಣಿಯಲ್ಲಿ ಒಂದು ಕಥೆ ಹೇಳಿದರು. ಅವರ ಮದುವೆಯ ದಿಬ್ಬಣ ಹೊಳೆ ದಾಟುವಾಗ ಇದ್ದದ್ದು ಹುಟ್ಟು ಹಾಕುವ ದೋಣಿ. ದಿಬ್ಬಣದಲ್ಲಿ ಜನ ಜಾಸ್ತಿ, ಮುಹೂರ್ತದ ಹೊತ್ತು ಹತ್ತಿರ. ಎಲ್ಲರೂ ಒಂದೇ ಸಲಕ್ಕೆ ಹೋಗೋಣ ಎಂದು ಗಂಡಸರು ಗಲಾಟೆ ಮಾಡಿದರಂತೆ. ಅಂಬಿಗ ಹುಟ್ಟನ್ನು ದೋಣಿಯಲ್ಲಿಟ್ಟು ದಂಡೆಗೆ ಇಳಿದು ಬೀಡಿ ಹಚ್ಚಿ ಕೂತನಂತೆ. "ಅರ್ಧ ಜನ ಇಳೀಲಿ, ಆಮೇಲೆ ನಾ ಏಳ್ತೇನೆ." ಊರ ಶಾನುಭೋಗರಿದ್ದರು, ಭಟ್ಟರಿದ್ದರು, ಯಾರ ಮಾತಿಗೂ ಅವನು ಏಳಲಿಲ್ಲ. ಅರ್ಧ ಜನ ಇಳಿದರು. "ಮುಹೂರ್ತ ತಪ್ಪಿತಾ ಅಜ್ಜಿ?" ಎಂದು ಹುಡುಗಿ ಕೇಳಿದಳು. "ತಪ್ಪಿದ್ರೆ ನೀನೆಲ್ಲಿಂದ ಬರ್ತಿದ್ದೆ?" ಎಂದು ನಕ್ಕರು.

ಆಚೆ ದಂಡೆ ಅಘನಾಶಿನಿ ಊರು. ಕುಮಟಾ ಬಸ್ಸಿಗೆ ಕಾಯುವಾಗ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ದೋಣಿಯ ದಿನದ ಬುತ್ತಿಗೆ ನನ್ನ ಮಾತು ಕೇಳುವುದಾದರೆ, ಹತ್ತುವ ಮೊದಲು ಹೊಟ್ಟೆ ಬಿರಿಯ ತಿನ್ನಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಹತ್ತಿಸಬೇಡಿ. ಎರಡರಲ್ಲೂ ವಾಕರಿಕೆ ಬರುತ್ತದೆ. ಎರಡು ಇಡ್ಲಿ ಅಥವಾ ಒಣ ಅವಲಕ್ಕಿ ಸಾಕು. ಕರಿದದ್ದು ದಾಟಿದ ಮೇಲೆ. ತಲೆಸುತ್ತು ಬರುವವರು ದೋಣಿಯ ನಡುಭಾಗದಲ್ಲಿ ಕೂತು ದೂರದ ದಂಡೆಯನ್ನು ನೋಡಬೇಕು. ಮೊಬೈಲು ನೋಡಿದರೆ ತಲೆಸುತ್ತು ಹೆಚ್ಚುತ್ತದೆ. (ಅಮ್ಮ ಹೇಳಿದರೆ ಕೇಳದ ಮಕ್ಕಳು ಒಂದು ಸಲ ವಾಂತಿಯಾದ ಮೇಲೆ ಕೇಳುತ್ತಾರೆ.) ಶುಂಠಿ ಚಪ್ಪರಿಸುವುದು ಒಳ್ಳೆಯದು. ನಾನು ಶುಂಠಿ ಬರ್ಫಿ ಮಾಡಿ ಒಯ್ದಿದ್ದೆ. ಚಪಾತಿ, ಹುರಿಗಡಲೆ ಚಟ್ನಿಪುಡಿ, ಮೊಸರನ್ನ ತಂಗಿಯದು. ಮುರುಗಲು ಹಣ್ಣಿನ ಪಾನಕ ಅಲ್ಲಿಯದೇ. ಒಬ್ಬಾಕೆ ಬುಟ್ಟಿಯಲ್ಲಿ ಕರಿ ಈಶಾಡು ಮಾವಿನಹಣ್ಣು ತಂದಿದ್ದಳು. ಅಂಕೋಲೆಯ ಈ ಹಣ್ಣಿಗೆ ಅದೇ ವರ್ಷ ಜಿ.ಐ. ಮಾನ್ಯತೆ ಸಿಕ್ಕಿತ್ತು. ಪರ್ಸಿನ ಯಜಮಾನಿ ಚೌಕಾಶಿ ಮಾಡಿ ಎರಡು ಹಣ್ಣು ಹೆಚ್ಚಿಗೆ ಹಾಕಿಸಿಕೊಂಡಳು. ಆ ರುಚಿಯ ಬಗ್ಗೆ ಬರೆಯಹೊರಟರೆ ಪುಟ ಸಾಲದು, ಬಿಡಿ.

ಆ ದಿನ ಹೀಗೆ ಚೆನ್ನಾಗಿಯೇ ಕಳೆಯಿತು. ನಾನು ಹೇಳಬೇಕಾದ್ದು ಅದರ ಮೂರನೆಯ ದಿನದ ವಿಷಯ.

ಇಡಗುಂಜಿ ಮುಗಿಸಿ ಕಡಲ ದಂಡೆಯ ಇನ್ನೊಂದು ಕಡೆಗೆ ಹೋದೆವು. ಜಾಗದ ಹೆಸರು ಬೇಡ. ಅಲ್ಲಿಂದ ದೋಣಿಯಲ್ಲಿ ಒಂದು ನಡುಗಡ್ಡೆಗೆ ಕರೆದೊಯ್ದು ತೋರಿಸುತ್ತಾರೆ. ರಜೆಯ ದಿನ, ಜನವೋ ಜನ. ಬಿಸಿಲಲ್ಲಿ ಸಾಲು ನಿಂತು ನಮ್ಮ ಸರದಿ ಬರುವಾಗ ದೋಣಿ ಆಗಲೇ ತುಂಬಿತ್ತು. "ಬನ್ನಿ ಬನ್ನಿ, ಅಡ್ಜಸ್ಟ್ ಮಾಡ್ಕೊಳ್ಳಿ, ಮಕ್ಕಳನ್ನು ತೊಡೆ ಮೇಲೆ ಕೂರಿಸ್ಕೊಳ್ಳಿ" ಎಂದು ದೋಣಿಯವ ಕರೆಯುತ್ತಿದ್ದ. ಅವಳಪ್ಪ ಒಂದು ಕಾಲು ಎತ್ತಿ ಇಟ್ಟಾಗಿತ್ತು. ಹುಡುಗಿ ಹಿಂದಿನಿಂದ ಅಂಗಿ ಹಿಡಿದು ಎಳೆದಳು.

"ಅಪ್ಪಾ, ಇದ್ರಲ್ಲಿ ಬೇಡ. ಮೂವತ್ತು ಅಂತ ಬರೆದಿದೆ. ನಾನು ಎಣಿಸಿದೆ, ನಲ್ವತ್ತೊಂದು ಜನ ಇದ್ದಾರೆ. ನಾವು ಹತ್ತಿದ್ರೆ ನಲ್ವತ್ತೇಳು."

ತದಡಿಯಿಂದ ಅವಳಿಗೆ ಎಣಿಸುವ ಅಭ್ಯಾಸ ಬಿದ್ದುಬಿಟ್ಟಿತ್ತು ನೋಡಿ. ಅಪ್ಪನಿಗೆ ನಾಲ್ಕು ಜನರ ಮುಂದೆ ಮುಜುಗರ. "ಎಲ್ಲರೂ ಕೂತಿದ್ದಾರೆ, ನಿನಗೊಬ್ಬಳಿಗೇನು? ಹತ್ತು ಸುಮ್ನೆ." ದೋಣಿಯೊಳಗಿಂದ ಯಾರೋ, "ಹೆದ್ರಬೇಡ ಪುಟ್ಟಿ, ಈಜು ಕಲೀಬಹುದು" ಎಂದು ನಗೆಯಾಡಿದರು. ತಂಗಿ ಮಗಳ ತೋಳು ಚಿವುಟಿದಳು. ಲೈಫ್ ಜಾಕೆಟ್ಟುಗಳು ಇಂಜಿನ್ನಿನ ಪಕ್ಕ ಒಂದು ಹಗ್ಗದಲ್ಲಿ ಬಿಗಿದು ಕಟ್ಟಿದ ಗಂಟಾಗಿ ಬಿದ್ದಿದ್ದವು. ಹುಡುಗಿಯ ಕಣ್ಣಲ್ಲಿ ನೀರು, ಆದರೆ ಹೆಜ್ಜೆ ಮುಂದಿಡಲಿಲ್ಲ. "ಹೋದ ವಾರ ತಾನೂರಲ್ಲಿ ಏನಾಯ್ತು, ಪೇಪರಲ್ಲಿ ಓದಿದ್ರಲ್ಲ ನೀವೇ" ಎಂದಳು.

ಆಗ ಅಜ್ಜಿ ಅಲ್ಲಿದ್ದ ಕಟ್ಟೆಯ ಮೇಲೆ ಕೂತುಬಿಟ್ಟರು. "ನಾ ಹತ್ತೋದಿಲ್ಲ. ಮುಂದಿನದ್ರಲ್ಲಿ ಬರ್ತೇನೆ." ಮನೆಯಲ್ಲಿ ದಿನಕ್ಕೆ ಹತ್ತು ಸಲ "ದೊಡ್ಡವರ ಮಧ್ಯೆ ಬಾಯಿ ಹಾಕಬೇಡ" ಎಂದು ಮೊಮ್ಮಗಳಿಗೆ ಹೇಳುವವರು ಅವರೇ.

ಅಜ್ಜಿ ಕೂತ ಮೇಲೆ ಯಾರು ಹತ್ತುತ್ತಾರೆ? ಆ ದೋಣಿ ನಮ್ಮನ್ನು ಬಿಟ್ಟು ಹೋಯಿತು. ಐವತ್ತು ನಿಮಿಷ ಕಾದೆವು. ಅಪ್ಪ ಮಾತಾಡಲಿಲ್ಲ. ಮುಂದಿನ ದೋಣಿಯಲ್ಲಿ ಇಪ್ಪತ್ತಾರು ಜನ. ಜಾಕೆಟ್ಟು ಕೇಳಿದೆವು, ಗೊಣಗಿದರೂ ಬಿಚ್ಚಿ ಕೊಟ್ಟರು. ನಡುಗಡ್ಡೆ ಮುಟ್ಟಿದಾಗ ಮೊದಲನೆಯ ದೋಣಿಯವರು ಅಲ್ಲಿ ಆರಾಮವಾಗಿ ಕಲ್ಲಂಗಡಿ ತಿನ್ನುತ್ತಿದ್ದರು. "ಈಗ ಬಂದ್ರಾ?" ಎಂದು ನಕ್ಕರು. ಏನೂ ಆಗಿರಲಿಲ್ಲ.

ಏನೂ ಆಗಿರಲಿಲ್ಲ ಎಂಬುದನ್ನೇ ನೀವು ಗಮನಿಸಬೇಕು. ಹೆಚ್ಚಿನ ದಿನ ಏನೂ ಆಗುವುದಿಲ್ಲ. ಆದ್ದರಿಂದಲೇ ದೋಣಿಯವನಿಗೆ ಧೈರ್ಯ, ನಮಗೂ ಧೈರ್ಯ. ಬೇಡ ಎಂದ ಹುಡುಗಿ ಎಲ್ಲರ ಎದುರು ಪುಕ್ಕಲಿ ಎನಿಸಿಕೊಳ್ಳುತ್ತಾಳೆ. ಮುಂದಿನ ಸಲ ಬಾಯಿ ಮುಚ್ಚಿಕೊಂಡು ಹತ್ತುತ್ತಾಳೆ. ಅವಳು ಹೇಳಿದ ತಾನೂರು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿದೆ. 2023ರ ಮೇ 7ರ ಸಂಜೆ ಅಲ್ಲಿ ಪ್ರವಾಸಿಗರನ್ನು ಒಯ್ದ ದೋಣಿ ಮಗುಚಿ 22 ಜನ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅಷ್ಟು ದೂರವೇಕೆ? ನಮ್ಮ ಕಾರವಾರದಲ್ಲೇ 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುವಾಗ ದೋಣಿ ಮುಳುಗಿ 16 ಜನ ಹೋದರು. ಹಾವೇರಿ ಜಿಲ್ಲೆಯಿಂದ ದೇವರಿಗೆಂದು ಹೋಗಿದ್ದ ಕುಟುಂಬದವರು ಅದರಲ್ಲಿದ್ದರು. ನನ್ನ ತಂಗಿಯ ಊರಿನ ಕಡೆ ಇಂದಿಗೂ ಅದನ್ನು ನೆನೆದರೆ ಮಾತು ನಿಲ್ಲುತ್ತದೆ. ಅವರೂ ನಮ್ಮ ಹಾಗೆಯೇ ಬುತ್ತಿ ಕಟ್ಟಿಕೊಂಡು, ಮಕ್ಕಳ ತಲೆ ಬಾಚಿ, ಮನೆಗೆ ಬೀಗ ಹಾಕಿ ಹೋದವರಲ್ಲವೇ?

ದೋಣಿ ಮಗುಚುವುದು ಹೇಗೆ ಎಂದು ಮಕ್ಕಳಿಗೆ ಅರ್ಥವಾದಷ್ಟು ನಮಗೆ ಅರ್ಥವಾಗಿರುವುದಿಲ್ಲ, ಅವರು ಶಾಲೆಯಲ್ಲಿ ಗುರುತ್ವ ಕೇಂದ್ರ ಓದಿರುತ್ತಾರೆ. ನಾವು ಒಲೆಯ ಮೇಲಿನ ಪಾತ್ರೆಯಿಂದ ತಿಳಿದುಕೊಳ್ಳೋಣ. ಅಗಲ ತಳದ ಪಾತ್ರೆಯಲ್ಲಿ ಭಾರ ಕೆಳಗಿದ್ದರೆ ಅದು ನಿಲ್ಲುತ್ತದೆ. ಅದೇ ಪಾತ್ರೆಯ ಮೇಲೆ ಇನ್ನೊಂದು ತುಂಬಿದ ಪಾತ್ರೆ ಪೇರಿಸಿದರೆ ಸಣ್ಣ ತಾಗಿಗೂ ವಾಲುತ್ತದೆ. ಜನ ನಿಂತರೆ, ಮೇಲಿನ ಅಟ್ಟಕ್ಕೆ ಹತ್ತಿದರೆ, ಎಲ್ಲರೂ ಏನೋ ನೋಡಲು ಒಂದೇ ಬದಿಗೆ ಓಡಿದರೆ ದೋಣಿಗೂ ಅದೇ ಗತಿ. ಜನ ಹೆಚ್ಚಾದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಆಗ ಒಂದು ತೆರೆ ಸಾಕು. ಒಳನಾಡಿನ ನೀರಿನಲ್ಲಿ ಓಡುವ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯಿದೆ ಇದೆ. ನೋಂದಣಿ, ತಪಾಸಣೆ, ಜೀವರಕ್ಷಕ ಸಲಕರಣೆ ಎಲ್ಲ ಅದರಲ್ಲಿ ಬರುತ್ತದೆ. ಕಾಯಿದೆಯನ್ನು ನಾವು ಓದಬೇಕಿಲ್ಲ. ಎಷ್ಟು ಜನಕ್ಕೆ ಅನುಮತಿ ಎಂದು ಎಲ್ಲಿ ಬರೆದಿದೆ ನೋಡುವುದು, ಬರೆದಿಲ್ಲವಾದರೆ ಕೇಳುವುದು, ಇಷ್ಟು ನಮ್ಮ ಕೈಯಲ್ಲಿದೆ. ಕೇಳಿದ್ದಕ್ಕೆ ಸಿಡುಕಿದರೆ ಆ ದೋಣಿ ಬಿಡಿ. ಕತ್ತಲಾಗುವ ಹೊತ್ತಿನ ಕೊನೆಯ ದೋಣಿಯನ್ನಂತೂ ನೆಚ್ಚಿಕೊಳ್ಳಬೇಡಿ, ಅದರಲ್ಲಿ ನೂಕುನುಗ್ಗಲು ಇದ್ದೇ ಇರುತ್ತದೆ.

ಲೈಫ್ ಜಾಕೆಟ್ಟು ಸೀಟಿನ ಕೆಳಗಿದ್ದರೆ ಪ್ರಯೋಜನವಿಲ್ಲ, ಮೈಮೇಲಿರಬೇಕು, ಪಟ್ಟಿಗಳೆಲ್ಲ ಹಾಕಿರಬೇಕು. ತೊಡಿಸಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯ ತನಕ ಬಂದರೆ ಅದು ದೊಡ್ಡದಾಯಿತು. ಮಕ್ಕಳಿಗೆ ಚಿಕ್ಕ ಅಳತೆಯದನ್ನೇ ಕೇಳಿ. ತಂಗಿಗೆ ಸೀರೆಯ ಮೇಲೆ ಕಿತ್ತಲೆ ಬಣ್ಣದ ಆ ಕೋಟು ಹಾಕಿಕೊಳ್ಳಲು ನಾಚಿಕೆ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ! ಸೀರೆಯ ಮಾತು ಬಂತು, ಹೇಳಿಬಿಡುತ್ತೇನೆ: ಒದ್ದೆಯಾದ ಆರು ಗಜ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವಳೂ ಕಾಲು ಆಡಿಸಲಾರಳು. ದೋಣಿಯ ದಿನ ಚೂಡಿದಾರ ಹಾಕಿಕೊಳ್ಳಿ. ಅತ್ತೆಯವರು ಏನಾದರೂ ಅಂದರೆ ಈ ಪತ್ರಿಕೆಯಲ್ಲಿ ಬರೆದಿದ್ದಾರೆ ಅನ್ನಿ.

ಇನ್ನು ಮಕ್ಕಳಿಗೆ ಎಣಿಸುವ ಕೆಲಸ ಕೊಡುವಿರಾದರೆ ಅದನ್ನು ನಿಜವಾದ ಕೆಲಸವಾಗಿಯೇ ಕೊಡಿ. ಎಣಿಸು ಅಂದ ಮೇಲೆ ಅವಳು ಹೇಳಿದ ಲೆಕ್ಕಕ್ಕೆ ಬೆಲೆ ಕೊಡಬೇಕು. ಹೊರಡುವ ಮೊದಲೇ ಗಂಡ ಹೆಂಡತಿ ಮಾತಾಡಿಕೊಳ್ಳಿ: ನಮ್ಮಲ್ಲಿ ಯಾರೊಬ್ಬರು ಈ ದೋಣಿ ಬೇಡ ಅಂದರೂ ಆರೂ ಜನ ಹತ್ತುವುದಿಲ್ಲ, ಕಾರಣವನ್ನು ಆಮೇಲೆ ಕೇಳುವುದು. ಧಕ್ಕೆಯ ಮೇಲೆ ನಿಂತು, ಹಿಂದಿನವರು ನೂಕುವಾಗ, ವಾದ ಮಾಡಿ ತೀರ್ಮಾನಿಸುವ ಮಾತಲ್ಲ ಅದು. ಗಂಡು ಮಕ್ಕಳಿಗೆ ಇದು ಇನ್ನೂ ಕಷ್ಟ ಎಂದು ನನಗನ್ನಿಸುತ್ತದೆ. ಹುಡುಗಿ ಹೆದರಿದರೆ ನಗುತ್ತಾರೆ, ಹುಡುಗ ಹೆದರಿದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅವರಿಗಾಗಿ ನೀವೇ ಅಜ್ಜಿಯ ಹಾಗೆ ಕಟ್ಟೆಯ ಮೇಲೆ ಕೂತುಬಿಡಿ. ಕಾಲು ನೋವು ಅನ್ನಿ, ತಲೆನೋವು ಅನ್ನಿ.

ಅಂದು ಸಂಜೆ ನಡುಗಡ್ಡೆಯಿಂದ ಮರಳುವಾಗ ದೋಣಿಯ ಹತ್ತಿರ ಬಂದ ಅವಳಪ್ಪ ಹತ್ತಲಿಲ್ಲ. ಹಿಂದೆ ತಿರುಗಿ ಮಗಳನ್ನು, "ಎಷ್ಟಾಯ್ತು?" ಎಂದು ಕೇಳಿದರು. ಅವಳು, "ಇಪ್ಪತ್ತೆಂಟು, ನಾವೂ ಸೇರಿ" ಅಂದ ಮೇಲೆ ಕಾಲಿಟ್ಟರು. ಬೇರೆ ಮಾತಿಲ್ಲ. ಪರ್ಸು ಮಾತ್ರ ಹಾವೇರಿ ಮುಟ್ಟುವ ತನಕ ಅವಳ ಹತ್ತಿರವೇ ಇತ್ತು, ಕೊನೆಗೆ ಹದಿನಾಲ್ಕು ರೂಪಾಯಿ ಲೆಕ್ಕ ತಪ್ಪಿ ತಮ್ಮನ ಜೊತೆ ಜಗಳವೂ ಆಯಿತು.

ಶುಂಠಿ ಬರ್ಫಿ ಮಾಡುವ ಬಗೆಯನ್ನೂ ಬರೆದುಬಿಡುತ್ತೇನೆ, ಇಲ್ಲವಾದರೆ ಕೇಳಿ ಕಾಗದ ಬರುತ್ತದೆ. ಕಾಲು ಕಿಲೋ ಎಳೆಯ ಶುಂಠಿ ತೆಗೆದುಕೊಳ್ಳಿ, ಬಲಿತದ್ದರಲ್ಲಿ ನಾರು ಹೆಚ್ಚು. ಸಿಪ್ಪೆ ಹೆರೆದು, ತೊಳೆದು, ಸಣ್ಣಗೆ ಹೆಚ್ಚಿ, ಸ್ವಲ್ಪವೇ ಹಾಲು ಹಾಕಿ ನುಣ್ಣಗೆ ರುಬ್ಬಿ. ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಬಿಸಿ ಮಾಡಿ ಇದನ್ನು ಹಸಿ ವಾಸನೆ ಹೋಗುವ ತನಕ ಬಾಡಿಸಿ, 400 ಗ್ರಾಂ ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ಅಂಚಿನಲ್ಲಿ ಬೆಳ್ಳಗೆ ನೊರೆ ಕಟ್ಟಿ, ಮುದ್ದೆಯಾಗಿ ತಳ ಬಿಡುವಾಗ ಏಲಕ್ಕಿ ಪುಡಿ, ಇನ್ನೊಂದು ಚಮಚ ತುಪ್ಪ ಹಾಕಿ, ತುಪ್ಪ ಸವರಿದ ತಟ್ಟೆಗೆ ಸುರಿದು ಬಿಸಿಯಿರುವಾಗಲೇ ಗೆರೆ ಹಾಕಿ. ಪೂರ್ತಿ ಆರಿದ ಮೇಲೆ ಬಿಡಿಸಿ. ಗಾಳಿಯಾಡದ ಡಬ್ಬಿಯಲ್ಲಿ ಹದಿನೈದು ಇಪ್ಪತ್ತು ದಿನ ಕೆಡುವುದಿಲ್ಲ. ದೋಣಿಗೆ ಒಯ್ಯುವಾಗ ತುಂಡುಗಳನ್ನು ಬೆಣ್ಣೆ ಕಾಗದದಲ್ಲಿ ಒಂದೊಂದಾಗಿ ಸುತ್ತಿಡಿ, ಕಡಲ ಗಾಳಿಗೆ ಬೇಗ ಅಂಟಂಟಾಗುತ್ತದೆ.